ಉಳಿಕೆ

ನಮ್ಮ ಆಗಸ್ಟು ಜನವರಿಯಲ್ಲೇ ಶುರು.
ಬೆನಿಗ್ನೊನ ಗ್ಯಾರೇಜಿನಲ್ಲಿ ಆರು ಕುರ್ಚಿ, ಏಳು ಜನ;
ಕುರ್ಚಿ ಸಿಗದವರ ಕೈಗೆ ಲೆಕ್ಕದ ಪುಸ್ತಕ.
ಹಾಗೆ ನಾನು ಖಜಾಂಚಿಯಾದೆ,
ಗಲಿಸಿಯಾದ ಈ ಪುಟ್ಟ ಬಂದರಿನ ಹಬ್ಬಕ್ಕೆ.

ಬ್ಯಾಂಡಿನ ಲಾರಿ ಹದಿನೆಂಟು ಮೀಟರು,
ಇಗರ್ಜಿಯ ಮುಂದಿನ ತಿರುವು ಹದಿನಾರು.
ಷುರ್ಷೊ ಟೇಪು ಹಿಡಿದು ಮೂರು ಸಲ ಅಳೆದ,
ಮೂರನೆಯ ಸಲವಾದರೂ ಕಲ್ಲಿಗೆ ಕರುಣೆ ಬಂದೀತೆಂದು.
ಕೊನೆಗೆ ಫೀನಾಳ ಕೋಳಿಗೂಡು ಬಿಚ್ಚುವುದೆಂದು ಗೊತ್ತುವಳಿ.
ಫೀನಾ ಕೇಳಿದ್ದು ಇಷ್ಟೇ:
ವೇದಿಕೆಯ ಪಕ್ಕ ಎರಡು ಆಸನ, ನೆರಳಿನಲ್ಲಿ.
ಕೊಟ್ಟೆವು.

ಜೂನಿನಲ್ಲಿ ಮನೆ ಮನೆ ತಿರುಗಾಟ.
ಮುಂದೆ ಚೀಲದ ವಾದ್ಯ ಊದುವ ಹುಡುಗ,
ಹಿಂದೆ ರಸೀದಿ ಪುಸ್ತಕದೊಂದಿಗೆ ನಾನು,
ನನ್ನ ಹಿಂದೆ ಊರ ನಾಯಿಗಳೆಲ್ಲ.
ಕೊಡುವ ಮೊದಲು ಎಲ್ಲರೂ ಕೇಳುತ್ತಾರೆ,
ಪಕ್ಕದ ಮನೆಯವರು ಎಷ್ಟು ಬರೆಸಿದರು?
ನಾನು ಬೆರಳಿನಿಂದ ಅಂಕಿ ಮುಚ್ಚುತ್ತೇನೆ,
ಪೂರ್ತಿ ಅಲ್ಲ.

ದೊಸಿಂದಾ ಬಾಗಿಲು ಅಂಗೈಯಗಲ ತೆರೆಯುತ್ತಾಳೆ.
ಆ ಸಂದಿಯಿಂದ ನಾಲ್ಕು ಮಡಿಕೆಯ ಇಪ್ಪತ್ತರ ನೋಟು:
'ಬಾಣಕ್ಕೆ. ಬರೀ ಬಾಣಕ್ಕೆ.
ಬ್ಯಾಂಡಿಗೂ ಬೇಡ, ಪಾದ್ರಿಗೂ ಬೇಡ.'
ಹಬ್ಬದ ಬೆಳಗ್ಗೆ ಹನ್ನೆರಡು ಬಾಣ ಮೇಲೇರಿ ಸಿಡಿಯಬೇಕು.
ಅವಳ ಕಿವಿ ಹೋಗಿ ಹತ್ತು ವರ್ಷ.
ಆ ಹನ್ನೆರಡು ಮಾತ್ರ ಕೇಳಿಸುತ್ತವೆ
ಹಲ್ಲಿನಲ್ಲಿ, ಕಿಟಕಿಯ ಚೌಕಟ್ಟಿನಲ್ಲಿ,
ಅಂಗೈ ಊರಿದ ಮೇಜಿನಲ್ಲಿ.

ಆಮೇಲೆ ಕಾಗದಗಳ ಕಾಲ.
ವಿಮೆ, ವಿದ್ಯುತ್ತು, ಆಂಬುಲೆನ್ಸು,
ಇಷ್ಟು ಮಂದಿಗೆ ಎಷ್ಟು ಶೌಚಾಲಯ ಎಂಬ ತ್ರೈರಾಶಿ.
ಆಕ್ಟೋಪಸ್ಸಿನ ದರ ಕೇಳಿ ಎಲಾದಿಯೊ ಹಣೆಗೆ ಕೈಯಿಟ್ಟ:
'ಎಂಟೂ ಕಾಲು ಬಳಸಿ ಏರಿದೆಯಲ್ಲ ಮಾರಾಯರೆ!'

ಹಬ್ಬಕ್ಕೆ ಆರು ದಿನ. ಮೂವತ್ತೆಂಟು ಡಿಗ್ರಿ ಬಿಸಿಲು.
ಗುಡ್ಡದ ನೀಲಗಿರಿ ಮರಗಳು
ಮೈಗೆಲ್ಲ ಎಣ್ಣೆ ಹಚ್ಚಿಕೊಂಡು ನಿಂತಿದ್ದವು,
ಒಂದು ಕಿಡಿಗೆ ಕಾದು.
ಪುರಸಭೆಯಿಂದ ಒಂದೇ ಸಾಲು:
ಬಾಣ ಬಿಡುವಂತಿಲ್ಲ.

ಎಲ್ಲದಕ್ಕೂ ವಾದ ಹೂಡುವ ಸಮಿತಿ
ಅಂದು ಮಾತೆತ್ತಲಿಲ್ಲ.
ಗುಡ್ಡ ಉರಿದ ವರ್ಷದ ಹೊಗೆ
ಬೆನಿಗ್ನೊನ ಕೆಮ್ಮಿನಲ್ಲಿ ಇನ್ನೂ ಇದೆ.

ಹಬ್ಬದ ದಿನ ಎಂಟು ಗಂಟೆಗೆ
ಷುರ್ಷೊ ದೊಡ್ಡ ಡೋಲನ್ನು ಮೀನಿನ ಕೈಗಾಡಿಯಲ್ಲಿ ತಂದು
ದೊಸಿಂದಾಳ ಗೋಡೆಗೇ ಆನಿಸಿ
ಏಟು ಹಾಕತೊಡಗಿದ.
ಏಳನೆಯದಕ್ಕೆ ಕಿಟಕಿ ತೆರೆಯಿತು:
'ಏನ್ರೋ, ಒದ್ದೆ ಬಾಣ ತಂದಿರೇನು?'
ಅವನಿಗೆ ನಗು ಬಂದು ಒಂಬತ್ತನೆಯದು ಅರ್ಧವೇ ಬಿತ್ತು.
ಹನ್ನೆರಡು ಮುಗಿಯುವವರೆಗೆ
ಚೌಕಟ್ಟಿನಿಂದ ಅವಳು ಕೈ ತೆಗೆಯಲಿಲ್ಲ.

ನಾಯಿಗಳು ಆ ವರ್ಷ ಮಂಚದಡಿ ಅಡಗಲಿಲ್ಲ.
ಸಂತನ ಹಿಂದೆ, ಪಾದ್ರಿಯ ಮುಂದೆ,
ಹದಿನಾಲ್ಕು ನಾಯಿ ಮೆರವಣಿಗೆ ಹೊರಟವು.
ಎಣಿಸಿದೆ. ಪುಸ್ತಕ ಹಿಡಿದ ಕೈಗೆ ಅದೊಂದು ಚಟ.

ಲಾರಿ ಹೋಯಿತು. ಕೋಳಿಗೂಡು ಮೊದಲಿನ ಜಾಗಕ್ಕೆ ಬಂತು,
ಒಂದು ಕೋಳಿ ಬರಲಿಲ್ಲ;
'ಇತರೆ' ಎಂಬಲ್ಲಿ ಬರೆದೆ.
ಬಾಣದ ಬಾಬ್ತು ನಾನೂರ ಹನ್ನೆರಡು ಯೂರೊ
ಬಿಸ್ಕತ್ತಿನ ಡಬ್ಬಿಯಲ್ಲಿ ಹಾಗೇ.
ಕೊರತೆ ಬಿದ್ದರೆ ಊರಿಗೆ ದಾರಿ ಗೊತ್ತು: ಬೈದು ತುಂಬುತ್ತಾರೆ.
ಉಳಿದರೆ?
ಮೂರು ಸಭೆ ಕೂತರೂ ಬಗೆಹರಿಯಲಿಲ್ಲ.

ಮತ್ತೆ ಮನೆ ಮನೆ ಹೋದೆ, ವಾದ್ಯವಿಲ್ಲದೆ, ಹಿಂದಿರುಗಿಸಲು.
ಬೇಡ ಬೇಡ ಎಂದು ಕದ ಹಾಕಿಕೊಂಡರು.
ಕೇಳಲು ಹೋದಾಗಲೂ ಅಷ್ಟು ಬೇಗ ಹಾಕಿರಲಿಲ್ಲ.

ದೊಸಿಂದಾ ಮಾತ್ರ ಬಾಗಿಲು ಪೂರ್ತಿ ತೆರೆದಳು.
ನೋಟು ನೋಡಿದಳು, ನನ್ನ ಮುಖ ನೋಡಿದಳು,
ಪುಸ್ತಕ ಎಳೆದುಕೊಂಡು 'ಬಾಣ' ಎಂಬುದರ ಮೇಲೆ
ಉಗುರಿನಿಂದ ಒಂದು ಗೀರು:
'ಹನ್ನೊಂದೂವರೆ ಮುಟ್ಟಿತು. ಖರ್ಚು ಹಾಕಿಕೊ.'

ಹಾಕಿಕೊಂಡೆ.
ಈಗ ಡಬ್ಬಿಯಲ್ಲಿ ಇಪ್ಪತ್ತು ಯೂರೊ ಇದೆ,
ಪುಸ್ತಕಕ್ಕೆ ಗೊತ್ತಿಲ್ಲದ್ದು.