ಆರು ಪ್ರಶ್ನೆಚಿಹ್ನೆ

ಶಹಾಬಜಾರದ ಬೇಳೆಮಿಲ್ಲಿನ ಮೇಲಿನ ಕೋಣೆ.
ನಮ್ಮಪ್ಪನ ಕಾಲಕ್ಕೆ ಇಲ್ಲಿ ಹದಿನಾರು ಟೈಪ್‌ರೈಟರ್ ಕುಟ್ಟುತ್ತಿದ್ದವು.
ಈಗ ಐದು ಕಂಪ್ಯೂಟರ್, ಎರಡಕ್ಕೆ ಮೌಸಿಲ್ಲ.
ತೊಗರಿ ಹೊಟ್ಟು ಕಿಟಕಿಯಿಂದ ಬಂದು
ಕೀಲಿಗಳ ಸಂದಿಯಲ್ಲಿ ಕೂರುತ್ತದೆ;
ವಾರಕ್ಕೊಮ್ಮೆ ಕೀಬೋರ್ಡ್ ಬೋರಲು ಹಾಕಿ
ಮೊರದ ಬೆನ್ನು ತಟ್ಟಿದ ಹಾಗೆ ತಟ್ಟುತ್ತೇನೆ.

ಜಗದೇವಿ ಬರುವುದು ನಾಲ್ಕರ ಮೇಲೆ,
ಒಲೆ ಆರಿಸಿ, ಮುಂಗೈಗೆ ಹತ್ತಿದ ಹಿಟ್ಟನ್ನು
ದಾರಿಯುದ್ದಕ್ಕೂ ಸೆರಗಿಗೆ ಒರೆಸುತ್ತ.
ರೊಟ್ಟಿ ಕೇಂದ್ರಕ್ಕೊಂದು ವೆಬ್ ಪುಟ ಬೇಕಂತೆ.
"ಮಾಡಿ ಕೊಡ್ತೀನಿ ಬಿಡ್ರಿ" ಅಂದೆ.
"ನೀವು ಮಾಡಿಕೊಟ್ರ, ರೇಟ್ ಏರಿದಾಗೊಮ್ಮೆ
ನಿಮ್ಮ ಮನಿ ಮುಂದ ನಿಂದರಬೇಕೇನ್ರಿ?" ಅಂದಳು.

ನೋಟ್‌ಪ್ಯಾಡ್ ತೆರೆದು ಕೂತಳು.
ಬಣ್ಣವಿಲ್ಲ, ಗೆರೆಯಿಲ್ಲ,
ತಪ್ಪಿದರೆ ಅಡಿಗೆ ಕೆಂಪು ಬಳಿಯುವವರಿಲ್ಲ;
ಈಗಷ್ಟೇ ಸಾರಿಸಿದ ನೆಲ.
ತೆರೆದ ಆವರಣ ಮುಚ್ಚಬೇಕು ಎಂದು
ನಾನು ಹೇಳುವ ಮೊದಲೇ ಓರೆಗೀಟು ಎಳೆದು ಮುಚ್ಚಿದಳು.
ಡಬ್ಬಿ ಮುಚ್ಚದೆ ಎದ್ದ ದಿನವಿಲ್ಲ ಅವಳಿಗೆ.

ಉಳಿಸಿದಳು. ತೆರೆದಳು.
ಪುಟ ಬರಲಿಲ್ಲ. ಬರೆದದ್ದೇ ಬಂತು, ಆವರಣ ಸಮೇತ,
ಊಟದ ಬದಲು ಕಿರಾಣಿ ಚೀಟಿ ಬಡಿಸಿದ ಹಾಗೆ.
ರೊಟ್ಟಿ ಚುಕ್ಕಿ ಎಚ್‌ಟಿಎಮ್‌ಎಲ್ ಎಂಬ ಹೆಸರಿನ ಬೆನ್ನಿಗೆ
ಕಣ್ಣಿಗೆ ಬೀಳದಂತೆ ಇನ್ನೊಂದು ಬಾಲ, ಚುಕ್ಕಿ ಟಿಎಕ್ಸ್‌ಟಿ.
"ಕೆಳಗ ಟೈಪ್ ಅಂತ ಅದ, ಅಲ್ಲಿ ಆಲ್ ಫೈಲ್ಸ್ ಅನ್ರಿ.
ಅಕ್ಷರ ಅವೇ. ಹೆಸರು ನೋಡಿ ಮರ್ಯಾದಿ ಕೊಡ್ತದ ಮಷಿನ್."
ಸ್ವಲ್ಪ ಹೊತ್ತು ಪರದೆ ನೋಡಿದಳು.
"ಹಿಟ್ಟು ಅದೇ, ಕೈ ಅದೇ.
ಹಂಚಿನ ಮ್ಯಾಲಿಂದ ಹಾಂಗೇ ಇಳಿಸಿದ್ರ ಮೆತ್ತನ್ನ ರೊಟ್ಟಿ, ಸಂಜಿ ತನಕ.
ಕೆಂಡದ ಬಾಜೂಕ ನಿಲ್ಲಿಸಿದ್ರ ಖಡಕ್, ಪುಣೆ ತನಕ.
ಅಷ್ಟೇ ಅಲ್ಲೇನ್ರಿ?"
ಅಷ್ಟೇ. ಇಪ್ಪತ್ತು ವರ್ಷದಿಂದ ಕಲಿಸುತ್ತಿದ್ದೇನೆ,
ಇಷ್ಟು ಬೇಗ ಹೇಳಿ ಮುಗಿಸಿದ್ದಿಲ್ಲ.

ಆಮೇಲಿನ ಎಡವಟ್ಟು ನನ್ನದು.
ಹಳೆಯ ಮಷಿನ್ ಒಂದು ಎಚ್ಚರಿಕೆ ಕೊಟ್ಟಿತು, ಇಂಗ್ಲಿಷಿನಲ್ಲಿ,
ಬಸ್ ಟಿಕೆಟ್ಟಿನ ಹಿಂಬದಿಯ ಹಾಗೆ ಯಾರೂ ಓದದ್ದು.
"ಓಕೆ ಒತ್ರಿ" ಅಂದೆ.
ಕರೆಂಟ್ ಹೋಯಿತು. ಮಿಲ್ಲೂ ನಿಂತಿತು.
ಅರ್ಧ ತಾಸಿನ ಮೇಲೆ ತೆರೆದರೆ
ಆವರಣಗಳು ಇದ್ದವು. ದರ ಇದ್ದವು: 140, 90, 220.
ಯಾವುದರ ದರ ಎಂಬುದಿರಲಿಲ್ಲ.
ಮೇಲೆ, ಅವಳ ಹೆಸರಿದ್ದ ಜಾಗದಲ್ಲಿ
??????

ಬೈಯುತ್ತಾಳೆ ಅಂದುಕೊಂಡೆ. ಎಣಿಸುತ್ತಿದ್ದಳು.
"ನಾಲ್ಕಕ್ಷರಕ್ಕ ಆರು ಯಾಕ?"
ಏತ್ವಕ್ಕೊಂದು, ಗುಡಿಸಿಗೊಂದು, ಅಂದೆ;
ಒಳಗ ಬ್ಯಾರೆ ಬ್ಯಾರೆ ಇಡ್ತದ.
"ರೇಶನ್ ಕಾರ್ಡಿನ್ಯಾಗ ಜಗದೀಶ ಅಂತ ಮಾಡಿದ್ರು,
ಬ್ಯಾಂಕಿನ್ಯಾಗ ಬರೀ ಜಗ.
ಯಾರೂ ಒಂದ್ ಮಾತ್ ಕೇಳಿದ್ದಿಲ್ಲ.
ಇದು ಅಕ್ಷರಕ್ಕೊಮ್ಮೆ ಕೇಳ್ಲಾಕ್ಹತ್ಯದಲ್ಲ, ಪಾಪ."

ಅದು ತಿದ್ದಿದರೆ ಬರುವಂಥದಲ್ಲ.
ಹೀಗೆ ಒಮ್ಮೆ ಉಳಿಸಿದ ಮೇಲೆ
ಪ್ರಶ್ನೆ ಪ್ರಶ್ನೆಯಾಗಿಯೇ ಇರುತ್ತದೆ.
ಮೊದಲಿಂದ ಬರೆಯಬೇಕು,
ಎನ್‌ಕೋಡಿಂಗಿನಲ್ಲಿ ಯುಟಿಎಫ್ ಎಂಟು ಆರಿಸಿ ಉಳಿಸಬೇಕು.
ಬರೆದಳು, ಒಂದೇ ಬೆರಳಿನಲ್ಲಿ.
ಖಡಕ್ ರೊಟ್ಟಿ. ಸಜ್ಜಿ ರೊಟ್ಟಿ. ಶೇಂಗಾ ಹಿಂಡಿ.
ನಾನು ಕೈ ಹಿಂದೆ ಕಟ್ಟಿ ನಿಂತೆ, ಅಪ್ಪ ನಿಲ್ಲುತ್ತಿದ್ದಂತೆ,
ಎಚ್ಚರಿಕೆಯನ್ನು ಈ ಸಲ ಪೂರ್ತಿ ಓದಲು ತಯಾರಾಗಿ.
ಈ ಸಲ ಅದು ಬರಲೇ ಇಲ್ಲ.

ಹೆಸರು ಬಂತು, ದಪ್ಪಗೆ, ನಟ್ಟನಡುವೆ.
ಅವಳು ನೋಡಿದಳೋ ಇಲ್ಲವೋ.
"ಶೇಂಗಾ ತುಟ್ಟಿ ಆಗ್ಯಾವ" ಎಂದು ಹಿಂದಕ್ಕೆ ಹೋಗಿ
220 ಅಳಿಸಿ 240 ಮಾಡಿ
ನನ್ನನ್ನು ಕೇಳದೆ ಕಂಟ್ರೋಲ್ ಎಸ್ ಒತ್ತಿದಳು.
ಎಸ್ ಕೀಲಿಯ ಮೇಲೆ ಚೂರು ಹಿಟ್ಟು ಉಳಿಯಿತು.