ಗಂಜಿಯದ್ದು ಅಂತ ಹೇಳಿದ್ದೆ

ಗುಜರಿಯವನಿಗೆ ಎರಡು ತಕ್ಕಡಿ.
ಕಬ್ಬಿಣ, ಪೇಪರು, ಹಾಲಿನ ತೊಟ್ಟೆಗೆ ಒಂದು.
ಇನ್ನೊಂದು ಬಾಯಲ್ಲೇ ಉಂಟು:
"ತುಂಬಾ ಹಳತು ಅಮ್ಮ, ಈಗ ಇಂಥದ್ದು ಸಿಗುವುದಿಲ್ಲ"
ಎಂದರೆ ಮುಳ್ಳು ತಾನಾಗಿ ಏಳುತ್ತದೆ.

ಕುಲಶೇಖರದ ಸೆರಾಫಿನ್ ಬಾಯಿ
ಬಚ್ಚಲೊಲೆಯ ಹತ್ತಿರ ಕವುಚಿ ಹಾಕಿದ್ದಳು ಆ ಮಡಕೆ.
ಬುಡಕ್ಕೆ ಮಸಿ, ಒಳಗೆ ಎಣ್ಣೆ ಕುಡಿದ ಕಪ್ಪು,
ಕುತ್ತಿಗೆಯಿಂದ ಹೊಟ್ಟೆಗಿಳಿದ ಒಂದು ಬಿರುಕು,
ಸುಣ್ಣ ಬೆಲ್ಲ ಕಲಸಿ ಬೆರಳಲ್ಲೇ ಮೆತ್ತಿದ್ದು.
"ಕೊಂಡೋಗು ಮಾರಾಯ, ಕಾಲಿಗೆ ತಾಗ್ತದೆ."
ಇಪ್ಪತ್ತು ಕೊಟ್ಟೆ.
"ಒಡೆದದ್ದಕ್ಕೆ ಪೂರ್ತಿ ಹಣವಾ?" ಹತ್ತು ವಾಪಸ್ ಕೊಟ್ಟು
ಒಂದು ಹಿಡಿ ಬಿಂಬುಳಿಯನ್ನೂ ಹಾಕಿದಳು ಚೀಲಕ್ಕೆ.

ಬಿಜೈಯ ಒಂಬತ್ತನೇ ಮಾಳಿಗೆಯಲ್ಲಿ
ವಿನುತಾ ಮೇಡಂ ಕೇಳಿದ್ದು ಎರಡೇ ಪ್ರಶ್ನೆ.
ಈ ಬಿಳಿ ಗೆರೆ ಡಿಸೈನಾ?
ಹೌದು ಎಂದೆ.
ಇದರಲ್ಲಿ ಎಂತ ಬೇಯಿಸ್ತಿದ್ರು?
ಬಾಗಿಲ ಮೇಲಿನ ಮಾವಿನ ತೋರಣ ನೋಡಿದೆ,
ಹೊಸ್ತಿಲ ರಂಗೋಲಿ ನೋಡಿದೆ,
"ಗಂಜಿ" ಎಂದೆ.
ಸಾವಿರದ ಎಂಟುನೂರು.

ಗಾಜಿನ ಕಪಾಟು, ಮೇಲಿಂದ ಹಳದಿ ಬೆಳಕು.
ಮಜ್ಜಿಗೆ ಮರೆತು ವಾರ್ನಿಶ್ ಬಳಿದುಕೊಂಡ ಕಡೆಗೋಲು,
ಉಪ್ಪಿನಕಾಯಿ ಭರಣಿಯೊಳಗೆ ಟೀವಿಯ ರಿಮೋಟು,
ಓಡುದೋಸೆಯ ಓಡನ್ನು ಗೋಡೆಗೆ ಮೊಳೆ ಹೊಡೆದು
ಚಂದ್ರನ ಹಾಗೆ ತೂಗಿದ್ದರು. ಚಂದ ಕಾಣ್ತಿತ್ತು, ಸುಳ್ಳು ಯಾಕೆ.
ನಡುವೆ ನನ್ನ ಮಡಕೆ,
ಮದುವೆ ಮನೆಯಲ್ಲಿ ಯಾರ ಕಡೆಯವನೆಂದು
ಯಾರೂ ಕೇಳದೆ ಕೂತ ನೆಂಟನಂತೆ.

ಮೊದಲ ಫೋನು ಇರುವೆಯ ಬಗ್ಗೆ.
"ಇದ್ದಿನಬ್ಬ, ಒಂಬತ್ತು ಮಾಳಿಗೆ ಹತ್ತಿ ಬಂದಿವೆ ನೋಡಿ,
ಬಿಳಿ ಗೆರೆಯ ಮೇಲೆಯೇ ಸಾಲು."
ಬೆಲ್ಲ, ನಾನು ಮನಸ್ಸಿನಲ್ಲಿ ಹೇಳಿಕೊಂಡೆ,
ಯಾವ ವರ್ಷದ ಬೆಲ್ಲವೋ.
ಎರಡನೇ ಫೋನು ಮೇ ತಿಂಗಳ ಕೊನೆಗೆ.
ಕರೆಂಟು ಹೋಗಿ, ಸೆಖೆಗೆ ಗೋಡೆಯೂ ಬೆವರುವ ಮಧ್ಯಾಹ್ನ.
ಸೋಪು ಹಾಕಿ ತಿಕ್ಕಿದ್ದರಂತೆ. ಸೋಪನ್ನು ಮಣ್ಣು ಕುಡಿಯಿತು,
ಆಮೇಲೆ ಒಂದೊಂದೇ ಹೊರಗೆ ಬಿಟ್ಟಿತು:
ಸೋಪು, ಹುಳಿ, ಸುಟ್ಟ ಮೆಣಸು,
ಕಡೆಗೆ
ಅದು.

"ಇದು ಗಂಜಿಯ ವಾಸನೆಯಾ?"
ಮೇಡಂ ಮೂಗಿಗೆ ಸೆರಗು ಹಿಡಿದಿದ್ದರು.
ಒಳಕೋಣೆಯಿಂದ ಅವರ ಅತ್ತೆಯ ಮಂತ್ರ, ಗಂಟೆ.
ನಾನು ಎಂತ ಹೇಳುವುದು.
ಹಣ ಎಣಿಸಿ ಕೊಟ್ಟೆ, ಒಂದು ನೋಟು ಕಡಿಮೆ,
ಆಟೋ ಬಾಡಿಗೆ ಎಂದೆ. ಅವರು ಲೆಕ್ಕ ನೋಡಲಿಲ್ಲ.

ಲಿಫ್ಟಿನೊಳಗೆ ನಾವು ಇಬ್ಬರೇ, ನಾನೂ ಮಡಕೆಯೂ.
ಐದನೇ ಮಾಳಿಗೆಯಲ್ಲಿ ಒಬ್ಬರು ಹತ್ತಿದರು,
ಬ್ಯಾಂಕಿನ ಟೈ ಕಟ್ಟಿಕೊಂಡು.
ಮೂಗು ಅರಳಿತು. ಮೂರನೇ ಮಾಳಿಗೆ ದಾಟುವಾಗ ಮೆಲ್ಲಗೆ,
"ಬಂಗುಡೆಯಾ?"
"ಹೌದು."
"ಇವತ್ತಿನದ್ದಾ?"
"ಅಲ್ಲ ಸರ್. ಮೂವತ್ತು ವರ್ಷ ಆಗಿರಬಹುದು."
ಅವರು ನಗಲಿಲ್ಲ. ಕೆಳಗೆ ಬಂದ ಮೇಲೂ
ಬಾಗಿಲು ತೆರೆದುಕೊಂಡೇ ಸ್ವಲ್ಪ ಹೊತ್ತು ನಿಂತಿದ್ದರು.

ಜೆಪ್ಪುವಿನ ನಮ್ಮ ಮನೆಯಲ್ಲಿ ನೆಬಿಸ
ಮಡಕೆಯ ಹೊಟ್ಟೆಗೆ ಬೆರಳಿನಿಂದ ತಟ್ಟಿ ಕಿವಿ ಕೊಟ್ಟಳು,
ಬಚ್ಚಂಗಾಯಿ ಕೊಳ್ಳುವವರ ಹಾಗೆ.
ತುಂಬ ನೀರು ತುಂಬಿಸಿಟ್ಟಳು ರಾತ್ರಿ.
ಬೆಳಿಗ್ಗೆ ನೋಡಿದರೆ ಕಾಲುಭಾಗ ಇಲ್ಲ.
ನೆಲ ಒಣಗಿಯೇ ಉಂಟು.
"ಸೋರಿದ್ದಲ್ಲ. ಕುಡಿದದ್ದು. ಎಷ್ಟು ದಿನದ ಬಾಯಾರಿಕೆಯೋ ಪಾಪ."

ಮಧ್ಯಾಹ್ನಕ್ಕೆ ಎಂತ ಮೀನು ತರಲಿ, ಕೇಳಿದೆ.
ಒಲೆ ಊದುತ್ತಾ, ಮುಖ ತಿರುಗಿಸದೆ ಹೇಳಿದಳು:
ಮೀನು ನಾಳೆ.
ಇವತ್ತು ಇದರಲ್ಲಿ ಗಂಜಿ ಬೇಯಲಿ.
ನಿಮ್ಮ ಮಾತು
ಒಂದು ಸಲವಾದರೂ ನಿಜವಾಗಲಿ.