ಎರಡು ಡಿಗ್ರಿ ಹಿಂದೆ

ಭೋಸರಿಯ ಶೆಡ್ಡಿನಲ್ಲಿ ಏಪ್ರಿಲ್ ಮಧ್ಯಾಹ್ನ.
ತಗಡಿನ ಮಾಡು ಕಾದ ಹಂಚು.
ರೋಲರುಗಳ ಮೇಲೆ ಬೆಲ್ಟು ಬಿಗಿದು ಕಟ್ಟಿದ ಕಾರು
ನಿಂತಲ್ಲೇ ನೂರಾ ನಲವತ್ತರಲ್ಲಿ ಓಡುತ್ತದೆ.
ಟಿಳೇಕರರ ಹುಡುಗ ಕೈವಲ್ಯ
ಪರದೆಯ ಮೇಲೇರುವ ಗೆರೆಯನ್ನಷ್ಟೇ ನೋಡುತ್ತಾನೆ.
"ಇನ್ನೂ ಸ್ವಲ್ಪ ಬೂಸ್ಟು, ಕಾಕಾ."

ತಮ್ಮಾ, ಸಿಲಿಂಡರಿನೊಳಗೆ ಬೆಂಕಿ ನಡೆದು ಹೋಗಬೇಕು.
ಕಿಡಿ ಹತ್ತಿದಲ್ಲಿಂದ ಗೋಡೆಯ ತನಕ,
ನಮ್ಮ ಇಂಡಿಯ ಕಡೆ ಜೋಳದ ಹೊಲದ ಮೇಲೆ
ಗಾಳಿ ಸರಿದ ಹಾಗೆ, ತೆನೆ ತೆನೆ ಬಾಗಿಸುತ್ತ.
ಟರ್ಬೊ ತುರುಕಿದ ಗಾಳಿ ಬಿಸಿಯಾಗಿದ್ದರೆ,
ಪೆಟ್ರೋಲು ಬಡವಾಗಿದ್ದರೆ,
ಕಿಡಿ ತುಸು ಅವಸರಪಟ್ಟರೆ,
ಮೂಲೆಯಲ್ಲಿ ಉಳಿದ ಮಿಶ್ರಣ ಸರದಿ ಕಾಯುವುದಿಲ್ಲ.
ತಾನೇ ಸಿಡಿಯುತ್ತದೆ.
ತಗಡಿನ ಡಬ್ಬಿಯಲ್ಲಿ ಒಂದು ಹಿಡಿ ಪುಟಾಣಿ
ಅಲುಗಿಸಿದಷ್ಟೇ ಸಪ್ಪಳ.

ಗಣಪತಿ ಫೋಟೊದ ಪಕ್ಕ ಒಂದು ಪಿಸ್ಟನ್ ಇಟ್ಟಿದ್ದೇನೆ,
ಇಲಿ ಕಡಿದ ರೊಟ್ಟಿಯಂಥ ಅಂಚು.
ಬೇರೆಯವರದಲ್ಲ, ನಾನೇ ಟ್ಯೂನ್ ಮಾಡಿದ ಗಾಡಿಯದು.
ಹನ್ನೊಂದು ವರ್ಷದ ಹಿಂದೆ, ಜನವರಿಯ ನಸುಕಿನಲ್ಲಿ,
ಬಾಯಿಂದ ಹೊಗೆ ಬರುವ ಚಳಿಯಲ್ಲಿ
ಎಲ್ಲ ಸರಿಯಿತ್ತು.
ಮೇ ತಿಂಗಳಲ್ಲಿ ಖಂಡಾಳಾ ಘಾಟು,
ಮುಂದೆ ಲಾರಿಗಳ ಸಾಲು, ಒಳಗೆ ಐದು ಜನ, ಎಸಿ,
ಇಂಟರ್‌ಕೂಲರಿಗೆ ಗಾಳಿಯೇ ಇಲ್ಲ.
ಮೂರನೇ ಸಿಲಿಂಡರು ಹೋಯಿತು.
ದುಡ್ಡು ವಾಪಸ್ ಕೊಟ್ಟೆ. ಪಿಸ್ಟನ್ ಮಾತ್ರ ಕೇಳಿ ಇಟ್ಟುಕೊಂಡೆ.

ಅಂದಿನಿಂದ ನಡುಮಧ್ಯಾಹ್ನವೇ ಟ್ಯೂನ್ ಮಾಡುತ್ತೇನೆ.
ಚಾಕಣದ ಪಂಪಿನಿಂದ, ಗಾಡಿಯವನು ದಿನಾ ಹಾಕಿಸುವ
ಅದೇ ಪೆಟ್ರೋಲು ತರಿಸುತ್ತೇನೆ.

ಎಂಜಿನ್ನಿನ ಮೈಗೆ ಒಂದು ಬೋಲ್ಟು,
ಬೋಲ್ಟಿಗೆ ಚಪ್ಪಟೆ ಮಾಡಿದ ತಾಮ್ರದ ನಳಿಗೆ,
ನಳಿಗೆಯಿಂದ ರಬ್ಬರಿನ ಪೈಪು, ಪೈಪಿನ ತುದಿಯಲ್ಲಿ ಕಿವಿ.
ಇಪ್ಪತ್ತಾರು ವರ್ಷ ಅದು ನನ್ನ ಕಿವಿಯೇ.
ಹೋದ ದಸರೆಗೆ ಪಿಂಪ್ರಿಯ ಡಾಕ್ಟರು
ಒಂದು ಗೆರೆ ಬರೆದು ತೋರಿಸಿದರು,
ಬಲಕ್ಕೆ ಹೋಗುತ್ತ ಹೋಗುತ್ತ ಘಾಟಿನಂತೆ ಇಳಿಯುವ ಗೆರೆ.
"ಐದು ಸಾವಿರದಾಚೆ ನಿಮಗೆ ಏನೂ ಕೇಳುವುದಿಲ್ಲ."
ಪುಟಾಣಿ ಅಲುಗುವುದು ಅಲ್ಲೇ, ಆರರ ಮೇಲೆ.
ಮನೆಯಲ್ಲಿ ಹೇಳಿದೆ. ಗಿರಾಕಿಗಳಿಗೆ ಹೇಳಿಲ್ಲ.

ಈಗ ನಳಿಗೆ ಸುಲಕ್ಷಣಾ ಘುಲೆಯ ಕಿವಿಯಲ್ಲಿ.
ಐಟಿಐ ಮುಗಿಸಿ ಬಂದವಳು, ಇಪ್ಪತ್ತೊಂದು ವಯಸ್ಸು,
ಉಗುರಿನಲ್ಲಿ ಗ್ರೀಸು, ಕಣ್ಣು ಮುಚ್ಚಿ ಕೂರುತ್ತಾಳೆ.
ಮೂರು ಸಾವಿರ. ಮೂರೂವರೆ. ನಾಲ್ಕು.
ಲ್ಯಾಪ್‌ಟಾಪಿನ ಸೆನ್ಸರ್ ಗೆರೆ ತಣ್ಣಗೆ ಮಲಗಿದೆ.
ಅವಳ ಬೆರಳು ಎದ್ದಿತು.
ನಾನು ಕಾಲು ತೆಗೆದೆ.

"ಎಷ್ಟು?"
"ಎರಡು. ಮೂರನೆಯದು ಅನುಮಾನ, ಮಾಮಾ."
"ಸೆನ್ಸರಿನಲ್ಲಿ ಏನೂ ಇಲ್ಲವಲ್ಲ!" ಹುಡುಗನ ತಕರಾರು.
ಸೆನ್ಸರಿಗೆ ಎಷ್ಟು ಗದ್ದಲವಾದರೆ ಎಚ್ಚರಾಗಬೇಕೆಂದು
ಹೇಳಿಕೊಟ್ಟವನು ನಾನೇ, ಆ ಕಿವಿಯಿಂದಲೇ.

ಕಿಡಿಯನ್ನು ಎರಡು ಡಿಗ್ರಿ ಹಿಂದಕ್ಕೆ ಎಳೆದೆ.
ಪೆಟ್ರೋಲು ಕೂದಲೆಳೆಯಷ್ಟು ಹೆಚ್ಚು, ಬೂಸ್ಟು ಅರ್ಧ ಪೌಂಡು ಕಮ್ಮಿ.
ಒಂಬತ್ತು ಕುದುರೆಗಳು ಪರದೆಯಿಂದ ಇಳಿದು ಹೋದವು.
ಕೈವಲ್ಯನ ಮುಖ ನೋಡಬೇಕಿತ್ತು,
ಅವನ ಲಾಯದಿಂದಲೇ ಬಿಚ್ಚಿಕೊಂಡು ಹೋದಂತೆ.

ಪ್ಲಗ್ಗು ಬಿಚ್ಚಿ ಭೂತಗನ್ನಡಿ ಹಿಡಿದೆ.
ಮೂರನೆಯದರ ಬಿಳಿ ಪಿಂಗಾಣಿಯ ಮೇಲೆ
ಗಸಗಸೆಗಿಂತ ಸಣ್ಣ ಎರಡು ಹೊಳಪು,
ಪಿಸ್ಟನ್ನಿನ ಮೈಯಿಂದ ಎದ್ದು ಬಂದ ಅಲ್ಯುಮಿನಿಯಮ್ಮು.
ಹುಡುಗ ಬಹಳ ಹೊತ್ತು ನೋಡಿದ.
ಆಮೇಲೆ ಗಣಪತಿಯ ಪಕ್ಕ ನೋಡಿದ.

ಸಂಜೆ ಮತ್ತೆ ಓಡಿಸಿದೆವು, ಆರು ಸಾವಿರದ ತನಕ, ಮೂರು ಸಲ.
ಬೆರಳು ಏಳಲಿಲ್ಲ.
"ಕಾಹೀ ನಾಹೀ," ಅಂದಳು. ಏನೂ ಇಲ್ಲ.
ನನಗೂ ಏನೂ ಕೇಳಿಸಲಿಲ್ಲ.
ಅವಳ ಏನೂ ಇಲ್ಲ ಬೇರೆ, ನನ್ನದು ಬೇರೆ.
ಬಿಲ್ಲಿನ ಮೇಲೆ ಅವಳಿಂದಲೇ ಸಹಿ ಹಾಕಿಸಿದೆ.
ಯಾಕೆಂದು ಕೇಳಿದಳು.
ಫ್ಯಾನಿನ ಸದ್ದಿನಲ್ಲಿ ಕೇಳಿಸದವನ ಹಾಗೆ
ಬೆಲ್ಟು ಬಿಚ್ಚುತ್ತ ಕೂತೆ.